ಬಣ್ಣಕ್ಕೆ ಮೂರೇ ಅಂಕ

ಅಮೆರಿಕದ ಬ್ರೌನ್ ಏಲ್ ಕಪ್ಪಗಿದೆ, ಆದ್ದರಿಂದ ಅದು ಗಂಡಸರ ಬಿಯರು, ಹೆಂಗಸರಿಗೆ ಅದರ ರುಚಿ ಹತ್ತದು ಎನ್ನುವ ಮಹಾಶಯರಿದ್ದಾರೆ. ಬಣ್ಣಕ್ಕೂ ಅಮಲಿಗೂ ಏನ್ರೀ ಸಂಬಂಧ? ಆ ಬಣ್ಣ ಮೊಳಕೆ ಬರಿಸಿ ಹುರಿದ ಬಾರ್ಲಿಯದು. ಮದ್ಯಾಂಶ ಶೇಕಡಾ 5ರ ಆಸುಪಾಸು, ಎಷ್ಟೋ ಹೊಂಬಣ್ಣದ ಬಿಯರುಗಳಷ್ಟೇ.

1985ರಲ್ಲಿ ಶುರುವಾದ ಅಲ್ಲಿನ ತೀರ್ಪುಗಾರರ ಸಂಸ್ಥೆಯ ಹಾಳೆ ನೋಡಿ: 50 ಅಂಕಗಳಲ್ಲಿ ನೋಟಕ್ಕೆ ಬರೀ 3, ಪರಿಮಳಕ್ಕೆ 12, ರುಚಿಗೆ 20. ಚಾಕೊಲೇಟು, ಕ್ಯಾರಮೆಲ್ಲಿನ ಘಮ ಬೇಕು, ಜೊತೆಗೆ ಹಾಪ್ಸ್ ಹೂವಿನ ಕಹಿ. ಸೀದ ವಾಸನೆ ಬಂತೋ, ಅಂಕ ಹೋಯಿತು. ಹದವಾಗಿ ಹುರಿದದ್ದು ಯಾವುದು, ಸೀದದ್ದು ಯಾವುದು ಎಂದು ಹುರಿಹಿಟ್ಟಿಗೆ ರಾಗಿ ಹುರಿದವಳಿಗೆ ಇವರು ಕಲಿಸಬೇಕೆ? (ಕುಡಿಯಿರಿ ಎನ್ನುತ್ತಿಲ್ಲ, ಮಾರಾಯ್ತಿ!) ಮಧ್ಯಯುಗದ ಇಂಗ್ಲೆಂಡಿನಲ್ಲಿ ಮನೆಮನೆಯಲ್ಲಿ ಏಲ್ ಕಾಯಿಸಿ ಮಾರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರೇ.