ನೌಕರಿಯ ಮೋಹವೋ, ನಿಶ್ಚಿಂತೆಯ ಹಸಿವೋ?

ಉತ್ತಮ ಬೇಸಾಯ, ಮಧ್ಯಮ ವ್ಯಾಪಾರ, ಕನಿಷ್ಠ ಚಾಕರಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಗಾದೆಯು ಇಂದು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳಲ್ಲಿ ತಲೆಕೆಳಗಾಗಿ ನಿಂತಿದೆ. ಹೆಣ್ಣು ಕೊಡುವ ತಂದೆಯು ವರನಿಗೆ ನೀರಾವರಿ ಭೂಮಿ ಎಷ್ಟೆಂದು ಕೇಳುವದಕ್ಕೆ ಮುಂಚೆ ನೌಕರಿ ಇರುವದೋ ಇಲ್ಲವೋ ಎಂದು ಕೇಳುತ್ತಾನೆ. ಹತ್ತು ಎಕರೆ ಕಬ್ಬಿನ ಒಡೆಯನ ಮಗನು ಮೂವತ್ತು ದಾಟಿದರೂ ಕನ್ಯೆ ಸಿಕ್ಕದೆ ಕುಳಿತಿರುತ್ತಾನೆ. ಕಚೇರಿಯ ಜವಾನನ ಮನೆಗೆ ಮಾತ್ರ ಜಾತಕಗಳು ತಾವಾಗಿಯೇ ನಡೆದು ಬರುತ್ತವೆ. ಪೇದೆ, ಕಾರಕೂನ, ಗ್ರಾಮ ಆಡಳಿತ ಅಧಿಕಾರಿ, ಯಾವ ಹುದ್ದೆಗೆ ಕರೆ ಬಂದರೂ ನಮ್ಮ ತರುಣರು ಧಾರವಾಡದ ಬಾಡಿಗೆಯ ಕೋಣೆಗಳಲ್ಲಿ ವರ್ಷಾನುವರ್ಷ ಪುಸ್ತಕ ಹಿಡಿದು ಕೂಡುವರು. ತಂದೆಯು ಎಮ್ಮೆ ಮಾರಿ ಹಣ ಕಳಿಸುವನು. ಮಗನು ವಯೋಮಿತಿ ಮೀರಿ ಮರಳಿ ಬರುವನು.

ಇದನ್ನು ಕಂಡು ವೇದಿಕೆಗಳ ಮೇಲೆ ನಿಂತು, ‘ನೌಕರಿಯ ಹುಚ್ಚು ಬಿಡಿರಿ, ಭೂಮಿತಾಯಿಯ ಸೇವೆ ಮಾಡಿರಿ’ ಎಂದು ಉಪದೇಶಿಸುವ ಮಹನೀಯರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವರ ಸ್ವಂತ ಮಕ್ಕಳು ಏನು ಮಾಡುತ್ತಿರುವರೆಂದು ವಿಚಾರಿಸುವದು ಸಭ್ಯತೆಯಲ್ಲ. ಆದುದರಿಂದ ನಾವು ವಿಚಾರಿಸುವದಿಲ್ಲ. ಆದರೆ ಲೆಕ್ಕವನ್ನಾದರೂ ಮಾಡಿ ನೋಡಬೇಕಷ್ಟೆ? ಉಪದೇಶಕ್ಕೆ ಮುಂಚೆ ಲೆಕ್ಕವೆಂಬದು ನಮ್ಮ ಪಾಠಶಾಲೆಯ ಗುರುಗಳು ಕಲಿಸಿದ ಕ್ರಮವಾಗಿರುತ್ತದೆ.

ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ಸರಕಾರದ ಅತಿ ಕೆಳಗಿನ ನೌಕರನ ಮೂಲ ವೇತನವು 17,000 ರೂಪಾಯಿಯಿಂದ 27,000 ರೂಪಾಯಿಗೆ ಏರಿತು. ತುಟ್ಟಿಭತ್ಯೆ, ಮನೆಬಾಡಿಗೆಗಳನ್ನು ಬದಿಗಿಟ್ಟರೂ ವರ್ಷಕ್ಕೆ 3,24,000 ರೂಪಾಯಿಗಳಾದವು. ಇನ್ನು ಮೂಡಲಗಿಯ ಕಡೆಗೆ ಹೊರಳೋಣ. 2025ರ ಅಕ್ಟೋಬರದ ಕೊನೆಯಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ದರ ಬೇಡಿ ಹಗಲಿರುಳು ಕುಳಿತದ್ದನ್ನು ವಾಚಕರು ಮರೆತಿರಲಾರರು. ನವಂಬರ 7ರಂದು ಸರಕಾರವು ಮಧ್ಯಸ್ಥಿಕೆ ವಹಿಸಿ 3,300 ರೂಪಾಯಿಗೆ ಮುಗಿಸಿತು. ಅದರಲ್ಲಿ 50 ರೂಪಾಯಿಯನ್ನು ಸರಕಾರವೇ ಕೊಡುವದೆಂದಾಯಿತು. ಎಕರೆಗೆ 40 ಟನ್ನು ಬಂದಿತೆಂದು ಹಿಡಿದರೆ 1,32,000 ರೂಪಾಯಿ. ಎರಡೆಕರೆಯ ಒಕ್ಕಲಿಗನಿಗೆ 2,64,000 ರೂಪಾಯಿ. ಬೀಜ, ಗೊಬ್ಬರ, ನೀರು, ಆಳು, ಸಾಲದ ಬಡ್ಡಿ ಇವುಗಳಿಗೆ ಅರ್ಧ ಹೋಯಿತೆನ್ನಿರಿ. ಉಳಿದದ್ದು ತಿಂಗಳಿಗೆ 11,000 ರೂಪಾಯಿ. ಇದು ಒಬ್ಬನ ಸಂಪಾದನೆಯೂ ಅಲ್ಲ. ಗಂಡ, ಹೆಂಡತಿ, ಮುದಿ ತಂದೆ ಮೂವರೂ ದುಡಿದು ಗಳಿಸಿದ್ದು. ಅದೂ ಪ್ರತಿ ತಿಂಗಳು ಕೈಗೆ ಬರುವದಿಲ್ಲ. ಕಬ್ಬು ಹನ್ನೆರಡು ತಿಂಗಳು ನಿಂತು, ಕಡಿತದ ಸರದಿ ಬಂದು, ಕಾರ್ಖಾನೆಯ ಕಾಟಾ ದಾಟಿ, ಬಿಲ್ಲು ಜಮೆಯಾದ ಮೇಲಿನ ಮಾತು. ಈ ಲೆಕ್ಕವನ್ನು ನೋಡಿದ ತಂದೆಯು ತನ್ನ ಮಗಳನ್ನು ಜವಾನನಿಗೆ ಕೊಟ್ಟರೆ ಅವನನ್ನು ಯಾವ ಮುಖದಿಂದ ನಿಂದಿಸೋಣ?

ಆ ಕಬ್ಬನ್ನು ಕಡಿಯುವವರ ಸ್ಥಿತಿಯಂತೂ ಒಕ್ಕಲಿಗನಿಗಿಂತಲೂ ಕೆಳಗಿನದು. ಮುಂಗಡದ ಹಣ ಪಡೆದು ದೂರದ ಊರುಗಳಿಂದ ಗ್ಯಾಂಗು ಕಟ್ಟಿಕೊಂಡು ಬರುವ ದಂಪತಿಗಳು ನಸುಕಿನಲ್ಲಿ ಕುಡುಗೋಲು ಹಿಡಿದರೆ ಕತ್ತಲೆಗೆ ಬಿಡುತ್ತಾರೆ. ರವದಿಯ ಗುಡಿಸಲಿನಲ್ಲಿ ಮಕ್ಕಳನ್ನು ಮಲಗಿಸುತ್ತಾರೆ. ಕಡಿದಷ್ಟು ಟನ್ನಿಗೆ ಕೂಲಿ. ಬೇನೆ ಬಿದ್ದ ದಿನ ಸೊನ್ನೆ. ಸಕ್ಕರೆಯ ಸಿಹಿಯು ಅವರ ನಾಲಿಗೆಯವರೆಗೆ ಬರುವದು ಕಷ್ಟ.

ಗೋಕಾಕದ ಕಥೆಯು ಬೇರೆ ತೆರನಾದುದು. 1885ರಲ್ಲಿ ಸ್ಥಾಪಿತವಾದ ಕಂಪನಿಯು ಘಟಪ್ರಭೆಯ 170 ಅಡಿಯ ಧುಮುಕನ್ನು ಕಟ್ಟಿ ಹಾಕಿ 1887ರಲ್ಲಿ ನೂಲಿನ ಗಿರಣಿಯನ್ನು ತಿರುಗಿಸಿತು. ಅಲ್ಲಿಂದ ಮುಂದೆ ಮೂರು ನಾಲ್ಕು ತಲೆಮಾರುಗಳ ವರೆಗೆ ‘ಗಿರಣಿಯವನು’ ಎಂದರೆ ಗೋಕಾಕ ಸೀಮೆಯಲ್ಲಿ ಮಾನದ ಮಾತಾಗಿತ್ತು. ಗಿರಣಿಯ ಭೋಂಗಾ ಕೂಗಿದ ಹೊತ್ತಿಗೆ ಸುತ್ತಲಿನ ಹಳ್ಳಿಗಳು ಗಡಿಯಾರವನ್ನು ಹೊಂದಿಸಿಕೊಳ್ಳುತ್ತಿದ್ದವು. ನೂಲಿನ ಧೂಳು ಎದೆಗೆ ಹೊಕ್ಕರೂ, ರಾತ್ರಿಯ ಪಾಳಿ ಕಣ್ಣು ಕೆಂಪಾಗಿಸಿದರೂ, ಪಗಾರದ ದಿನ ಗೊತ್ತಿತ್ತು. ಮನೆ, ದವಾಖಾನೆ, ಸಾಲೆಗಳ ಆಸರೆ ಇತ್ತು. ಆದರೆ ಇಂಥ ಖಾಸಗಿ ಗಿರಣಿಗಳ ದುಡಿಮೆಗಾರನಿಗೆ ಮುಪ್ಪಿನಲ್ಲಿ ಆಗುವ ಗತಿಯೇನು? ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯು 2014ರಲ್ಲಿ ತಿಂಗಳಿಗೆ 1,000 ರೂಪಾಯಿಯೆಂದು ನಿಗದಿಯಾಯಿತು. ಇತ್ತ ಸರಕಾರಿ ನೌಕರನ ಕನಿಷ್ಠ ಪಿಂಚಣಿಯು 13,500 ರೂಪಾಯಿಯಾಗಿದೆ. ಇಬ್ಬರೂ ಅರುವತ್ತರವರೆಗೆ ದುಡಿದವರೇ. ಇಬ್ಬರ ಹೊಟ್ಟೆಯೂ ಅಷ್ಟೇ ದೊಡ್ಡದು. ಇಷ್ಟು ಅಂತರಕ್ಕೆ ಯಾವ ನ್ಯಾಯಶಾಸ್ತ್ರದಲ್ಲಿ ಆಧಾರವಿದೆಯೋ ಬಲ್ಲವರು ತಿಳಿಸಬೇಕು.

ಗೋಕಾಕದ ಹೆಸರನ್ನು ದೂರದೂರಿಗೆ ಒಯ್ದ ಇನ್ನೆರಡು ಕಸಬುಗಳುಂಟು. ಒಂದು ಕರದಂಟು, ಇನ್ನೊಂದು ಕಟ್ಟಿಗೆಯ ಬೊಂಬೆ. ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿಗಳನ್ನು ಬೆಲ್ಲದ ಪಾಕದಲ್ಲಿ ಹದವರಿತು ಕೂಡಿಸುವ ಕೈಗೆ ಪೇಟೆಯುಂಟು. ಅಂಗಡಿಗಳು ಬೆಳೆದಿವೆ, ಅಂಗಡಿಕಾರರೂ ಬೆಳೆದಿದ್ದಾರೆ. ಒಲೆಯ ಮುಂದೆ ನಿಂತು ಬೆವರು ಸುರಿಸುವವನು ಎಷ್ಟು ಬೆಳೆದನೆಂಬದು ಬೇರೆ ಪ್ರಶ್ನೆ. ಬೊಂಬೆಯ ಕಲೆಯಾದರೋ ಕೆಲವೇ ಮನೆಗಳಲ್ಲಿ ಉಸಿರು ಹಿಡಿದಿದೆ. ಹಣ್ಣೋ ಬೊಂಬೆಯೋ ಎಂದು ನೋಡಿದವನು ಮುಟ್ಟಿ ನೋಡುವಂತೆ ಮಾಡಬಲ್ಲ ಕೈಗಳವು. ಕಸಬಿನಲ್ಲಿ ತೃಪ್ತಿ ಎಂಬದು ಎಲ್ಲಿಯಾದರೂ ಇದ್ದರೆ ಅಲ್ಲಿರುತ್ತದೆ. ಆದರೂ ಆ ಕಲಾವಿದನು ಮಗನಿಗೆ ಉಳಿ ಕೊಡದೆ ಅರ್ಜಿಯ ಫಾರ್ಮು ತುಂಬಿಸುತ್ತಾನೆ. ಮನಸ್ಸಿನ ತೃಪ್ತಿಯು ಕಿರಾಣಿ ಅಂಗಡಿಯಲ್ಲಿ ಚಲಾವಣೆಯಾಗದ ನಾಣ್ಯವಾಗಿರುತ್ತದೆ.

ಹುಕ್ಕೇರಿಯಲ್ಲಿ ನಾವು ಕಲಿಯತಕ್ಕ ಪಾಠವೊಂದಿದೆ. 1969ರಲ್ಲಿ ಅಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಇಂದಿಗೂ ತಾಲೂಕಿನ ಮನೆಗಳಿಗೆ, ಪಂಪುಗಳಿಗೆ ಬೆಳಕು ಕೊಡುತ್ತಿದೆ. ನಾಡಿನಲ್ಲಿ ಇಂಥ ಸಂಘವು ಮತ್ತೊಂದು ಉಳಿದಿಲ್ಲ. ಕೂಡಿ ಕಟ್ಟಿದ ಸಂಸ್ಥೆಯು ಊರಲ್ಲಿಯೇ ನೌಕರಿಗಳನ್ನು ಹುಟ್ಟಿಸಬಲ್ಲದು ಎಂಬದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ಮಳೆಗಾಲದ ನಡುರಾತ್ರಿ ಕಂಬವೇರುವ ಲೈನ್‌ಮನ್‌ನಿಗೆ ಅಂಜಿಕೆಯಿಲ್ಲವೆಂದಲ್ಲ. ಆದರೆ ಕೆಳಗೆ ನಿಂತ ಹಳ್ಳಿಯವರು ಅವನ ಹೆಸರು ಹಿಡಿದು ಕರೆಯುತ್ತಾರೆ, ಅವನು ತಂತಿ ಕೂಡಿಸಿ ಇಳಿದಾಗ ಚಹಾ ಕೊಡುತ್ತಾರೆ. ಈ ಮನ್ನಣೆಯು ಯಾವ ವೇತನಶ್ರೇಣಿಯಲ್ಲಿಯೂ ಬರೆದಿಲ್ಲ.

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿರುವದರಿಂದ ಸೈನ್ಯದ ಸೇವೆಯು ನಮ್ಮ ಹಳ್ಳಿಗಳಿಗೆ ಹಳೆಯ ದಾರಿ. ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ ಓಡುವ ಹುಡುಗರನ್ನು ಕಾಣದ ಊರಿಲ್ಲ. ಆದರೆ 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಸೇವೆಯು ನಾಲ್ಕೇ ವರ್ಷ. ನೂರಕ್ಕೆ ಇಪ್ಪತ್ತೈದರಷ್ಟು ಮಂದಿಯನ್ನು ಮಾತ್ರ ಮುಂದೆ ಉಳಿಸಿಕೊಳ್ಳಬಹುದಾಗಿದೆ. ಉಳಿದವರು ಕೈಯಲ್ಲಿ ಒಂದು ಗಂಟು ಹಿಡಿದು ತಾರುಣ್ಯದಲ್ಲಿಯೇ ‘ನಿವೃತ್ತ’ರಾಗುವರು. ಅಧ್ಯಾಪಕರ ಮಾತೂ ಹಾಗೆಯೇ. ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2022ರವರೆಗೆ 11,000ದಿಂದ 13,000 ರೂಪಾಯಿಯಲ್ಲಿ ಬಾಳಿದರು. ಆಮೇಲೆ ಅದು ಏರಿತೆಂಬದು ನಿಜ, ಆದರೆ ‘ಅತಿಥಿ’ ಎಂಬ ಹಣೆಪಟ್ಟಿ ಅಳಿಯಲಿಲ್ಲ. ಹತ್ತು ವರ್ಷ ಒಂದೇ ಮನೆಯಲ್ಲಿ ದುಡಿಯುವ ಅತಿಥಿಯನ್ನು ನಾವು ಪುರಾಣಗಳಲ್ಲಿಯೂ ಓದಿಲ್ಲ. ಅಂಗನವಾಡಿಯ ಅಕ್ಕನವರು ಊರ ಕೂಸುಗಳಿಗೆ ಉಣಿಸಿ, ಬಸುರಿ ಬಾಣಂತಿಯರ ಲೆಕ್ಕವಿಟ್ಟು, ಸರಕಾರ ಹೇಳಿದ ಸಮೀಕ್ಷೆಗಳನ್ನೆಲ್ಲ ಮಾಡಿ ಪಡೆಯುವದಕ್ಕೆ ಪಗಾರವೆಂಬ ಹೆಸರೂ ಇಲ್ಲ, ‘ಗೌರವಧನ’ವಂತೆ! 2025ರ ಆಯವ್ಯಯದಲ್ಲಿ ಅದಕ್ಕೆ 1,000 ರೂಪಾಯಿ ಕೂಡಿಸಿದ್ದೇ ದೊಡ್ಡ ಸುದ್ದಿಯಾಯಿತು. ಗೌರವವು ಅಕ್ಷರದಲ್ಲಿ ಹೆಚ್ಚಿದಷ್ಟೂ ಧನವು ಅಂಕೆಯಲ್ಲಿ ಕಡಿಮೆಯಾಗುವದು ಸರಕಾರದ ವಿಚಿತ್ರ ಗಣಿತ.

ಇಷ್ಟನ್ನು ಸಾಲಾಗಿ ಇಟ್ಟು ನೋಡಿದರೆ ನಮಗೆ ಒಂದು ಮಾತು ಸ್ಪಷ್ಟವಾಗುತ್ತದೆ. ನಮ್ಮ ತರುಣನು ಬೆನ್ನು ಹತ್ತಿರುವದು ಕುರ್ಚಿಯನ್ನಲ್ಲ, ತಾರೀಖನ್ನು. ತಿಂಗಳ ಗೊತ್ತಾದ ದಿನ ಗೊತ್ತಾದ ಹಣ, ಬೇನೆ ಬಂದರೆ ರಜೆ, ಮುಪ್ಪು ಬಂದರೆ ಆಸರೆ, ಊರಲ್ಲಿ ನಾಲ್ವರ ಮುಂದೆ ಮಾನ, ಈ ನಾಲ್ಕೂ ಒಂದೆಡೆ ಸಿಕ್ಕುವ ಸ್ಥಳವು ಅವನ ಕಣ್ಣಿಗೆ ಕಚೇರಿಯೊಂದೇ ಆಗಿದೆ. ಅದನ್ನು ಮೋಹವೆಂದು ಕರೆಯುವದು ಹಸಿದವನಿಗೆ ಹೊಟ್ಟೆಬಾಕನೆಂದಂತೆ. ಆ ಕಚೇರಿಯಾದರೂ ಮೊದಲಿನಂತೆ ಉಳಿದಿದೆಯೇ? 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ತಪ್ಪಿತು. ಖಾಲಿ ಹುದ್ದೆಗಳು ಎರಡು ಲಕ್ಷವನ್ನು ಮೀರಿ ಬಿದ್ದಿದ್ದು, ಅವುಗಳ ಕೆಲಸವನ್ನು ಹೊರಗುತ್ತಿಗೆಯವರು ಸಾಗಿಸುತ್ತಿದ್ದಾರೆ. ಒಂದೇ ಮೇಜಿನ ಈಚೆ ಕಾಯಂ ಕಾರಕೂನ, ಆಚೆ ಗುತ್ತಿಗೆಯ ಕಾರಕೂನ. ಕೆಲಸ ಒಂದೇ, ಪಗಾರ ಎರಡು. ನಮ್ಮ ವಾಚಕರಲ್ಲಿ ಬಹುಮಂದಿ ನೌಕರವರ್ಗದವರೇ ಇರುವದರಿಂದ ಇದನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಕಾಯಕದ ನಾಡಿನಲ್ಲಿ ಹುಟ್ಟಿ ಹಣದ ಮಾತೇ ಎಂದು ಕೆಲವರು ಮೂಗು ಮುರಿಯಬಹುದು. ಬಸವಣ್ಣನವರ ಕಾಲದ ಶರಣರು ಹಗ್ಗ ಹೊಸೆಯುವದನ್ನೂ ಅಕ್ಕಿ ಆಯುವದನ್ನೂ ಪೂಜೆಗೆ ಸಮನಾಗಿಸಿದರೆಂಬದು ನಮ್ಮ ಹೆಮ್ಮೆ. ಆದರೆ ಅವರು ಕೆಲಸಗಳನ್ನು ಸಮಗೊಳಿಸಿದ್ದು ಮಾನದಲ್ಲಿ. ಕೂಲಿಕಾರನು ಅರೆಹೊಟ್ಟೆಯಲ್ಲಿ ತೃಪ್ತನಾಗಿರಲೆಂದು ಅಲ್ಲ. ರಸ್ಕಿನ್ನನ ಪುಸ್ತಕವನ್ನು 1904ರಲ್ಲಿ ಓದಿದ ಗಾಂಧೀಜಿಯವರೂ ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬ ತತ್ವವನ್ನು ತೆಗೆದುಕೊಂಡದ್ದು ಹೊಟ್ಟೆಯ ಹಕ್ಕನ್ನು ಕೂಡಿಸಿಯೇ. ಕಾಯಕವೇ ಕೈಲಾಸವೆಂಬ ಮಾತನ್ನು ಪಗಾರ ಕೊಡದಿರುವದಕ್ಕೆ ನೆಪ ಮಾಡಿಕೊಳ್ಳುವವರು ಎರಡಕ್ಕೂ ದ್ರೋಹ ಬಗೆಯುವರು.

ಇಷ್ಟು ಬರೆಯುವ ನಮ್ಮ ಕೈಗಳು ಶುದ್ಧವೇ ಎಂದು ಯಾರಾದರೂ ಕೇಳಿದರೆ, ತಪ್ಪಿಸಿಕೊಳ್ಳುವ ಇಚ್ಛೆ ನಮಗಿಲ್ಲ. ಪತ್ರಿಕೆಯ ಒಡೆತನವೂ ಒಂದು ಧಣಿತನವೇ. ಜಾಹೀರಾತಿನ ಬಾಕಿ ಬರಲಿಲ್ಲವೆಂದು ನಮ್ಮ ಕಾರ್ಯಾಲಯದಲ್ಲಿ ಪಗಾರವು ತಾರೀಖು ದಾಟಿದ ತಿಂಗಳುಗಳುಂಟು. ಅಂಥದೊಂದು ತಿಂಗಳಲ್ಲಿ ಬಹುಕಾಲದಿಂದ ನಮ್ಮಲ್ಲಿದ್ದ ಮುದ್ರಣ ವಿಭಾಗದ ಹಿರಿಯರೊಬ್ಬರು ಬಂದು, ‘ಪಗಾರ ಹೆಚ್ಚು ಬೇಡ ಸಾಹೇಬರ, ದಿನ ಮಾತ್ರ ತಪ್ಪಬ್ಯಾಡ್ರಿ, ಅಂಗಡಿಯವ್ನ ಮುಂದ ನಿಂದರಲಾಕ ಆಗೂದಿಲ್ಲ’ ಎಂದರು. ಅಗ್ರಲೇಖನಗಳಲ್ಲಿ ನಾವು ಮೂವತ್ತು ವರ್ಷ ಬರೆದುದಕ್ಕಿಂತ ಹೆಚ್ಚಿನ ಅರ್ಥಶಾಸ್ತ್ರವು ಆ ಒಂದು ಮಾತಿನಲ್ಲಿತ್ತು. ಅಂದಿನಿಂದ ಮೊದಲು ಪಗಾರ, ಆಮೇಲೆ ಕಾಗದದ ಬಿಲ್ಲು ಎಂಬ ನಿಯಮವನ್ನು ಇಟ್ಟುಕೊಂಡಿದ್ದೇವೆ. ಪಾಲಿಸಲು ಕಷ್ಟವಾದರೂ ಪಾಲಿಸುತ್ತಿದ್ದೇವೆ.

ಆದುದರಿಂದ ನಮ್ಮ ಸೂಚನೆಯು ಸರಳವಾದದ್ದು. ತರುಣರನ್ನು ಕಚೇರಿಯ ಬಾಗಿಲಿನಿಂದ ಹಿಂದಕ್ಕೆ ಎಳೆಯುವ ಬದಲು ಕಚೇರಿಯ ಗುಣಗಳನ್ನು ಹೊಲಕ್ಕೂ, ಗಿರಣಿಗೂ, ಅಂಗಡಿಗೂ ಒಯ್ಯಿರಿ. ಕಬ್ಬು ಕೊಟ್ಟ ಹದಿನಾಲ್ಕು ದಿನಗಳೊಳಗಾಗಿ ಹಣ ಕೊಡತಕ್ಕದ್ದು, ತಡವಾದರೆ ನೂರಕ್ಕೆ ಹದಿನೈದರ ಬಡ್ಡಿ ಕೂಡಿಸತಕ್ಕದ್ದು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿಯೇ ಇದೆ. ಹೊಸ ಕಾನೂನು ಬೇಡ. ಇದ್ದುದನ್ನು ಜಿಲ್ಲಾಧಿಕಾರಿಗಳು ಗಡಿಯಾರ ಹಿಡಿದು ನಡೆಯಿಸಲಿ. ಹದಿನೈದನೆಯ ದಿನ ಬಿಲ್ಲು ಜಮೆಯಾಗುವದೆಂಬ ಭರವಸೆ ಹುಟ್ಟಿದರೆ ಒಕ್ಕಲಿಗನಿಗೂ ಪಗಾರದ ತಾರೀಖು ದೊರೆತಂತಾಯಿತು. ಸಾವಿರ ರೂಪಾಯಿಯ ಪಿಂಚಣಿಯನ್ನು ಮನುಷ್ಯನು ಬದುಕುವಷ್ಟಕ್ಕೆ ಏರಿಸಲಿ. ಖಾಲಿ ಹುದ್ದೆಗಳನ್ನು ವರ್ಷಕ್ಕೊಮ್ಮೆ ಗೊತ್ತಾದ ಕಾಲದಲ್ಲಿ ತುಂಬಲಿ; ಪರೀಕ್ಷೆ ನಡೆಯುವದೋ ಇಲ್ಲವೋ ಎಂದು ಹುಡುಗರ ಯೌವನವನ್ನು ಧಾರವಾಡದ ಕೋಣೆಗಳಲ್ಲಿ ಕೊಳೆಸುವದು ಮಹಾಪಾಪ. ಕರದಂಟು, ಬೊಂಬೆಗಳ ಕುಶಲಕರ್ಮಿಗಳು ಹುಕ್ಕೇರಿಯವರಂತೆ ಸಂಘ ಕಟ್ಟಲಿ. ಬೆಲೆಯಲ್ಲಿ ಕೈಯ ಪಾಲನ್ನು ತಾವೇ ನಿರ್ಣಯಿಸಲಿ.

ಹೆಣ್ಣು ಹೆತ್ತವರಿಗೂ ಒಂದು ಮಾತು. ನಿಮ್ಮ ಅಂಜಿಕೆಯನ್ನು ನಾವು ಅರಿಯೆವೆಂದಲ್ಲ. ಆದರೆ ವರನಿಗೆ ನೌಕರಿ ಇದೆಯೇ ಎಂದು ಕೇಳುವ ಬಾಯಿಂದಲೇ ಅವನಿಗೆ ಸಾಲವೆಷ್ಟು, ದುಡಿಮೆ ಎಂಥದು, ನಡತೆ ಹೇಗೆ ಎಂದೂ ಕೇಳಿರಿ. ತಾರೀಖಿಗೆ ಪಗಾರ ತರುವವನೆಲ್ಲ ತಾರೀಖಿಗೆ ಮನೆಗೆ ಬರುವನೆಂದು ತಿಳಿಯಬೇಡಿರಿ.

ಘಟಪ್ರಭೆಯ ನೀರು ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ನಿಲ್ಲುತ್ತದೆ, ಗೋಕಾಕದಲ್ಲಿ ಧುಮುಕುತ್ತದೆ, ಕಾಲುವೆಗಳ ಮೂಲಕ ಕಬ್ಬಿನ ಹೊಲಗಳಿಗೂ ಹರಿಯುತ್ತದೆ. ಈ ಒಂದೇ ನೀರು ದೀಪಕ್ಕೂ, ನೂಲಿಗೂ, ಸಕ್ಕರೆಗೂ ಬಲ ಕೊಟ್ಟಿತು. ಇಷ್ಟನ್ನು ಹುಟ್ಟಿಸಿದ ನೆಲದಲ್ಲಿ ಒಬ್ಬ ತಂದೆಯು ‘ನನ್ನ ಕಸಬನ್ನೇ ಮಾಡು ಮಗನೇ’ ಎಂದು ಅಂಜಿಕೆಯಿಲ್ಲದೆ ಹೇಳುವಂತಾದ ದಿನ ಆ ಹಳೆಯ ಗಾದೆಯು ಮತ್ತೆ ನೆಟ್ಟಗೆ ನಿಂತೀತು. ಅಲ್ಲಿಯವರೆಗೆ ಅದನ್ನು ವೇದಿಕೆಗಳಲ್ಲಿ ಉಚ್ಚರಿಸುವ ಅಧಿಕಾರವು ನಮಗೆ ಯಾರಿಗೂ ಇರುವದಿಲ್ಲ.