ಕ್ಯಾನನ್ನೋ ನಿಕಾನೋ? ಅಪ್ಪ ಕೇಳಿದ್ದು ಸ್ಪೇರ್ ಪಾರ್ಟ್ಸ್ ಬಗ್ಗೆ

ಹೋದ ಭಾನುವಾರ ಪಕ್ಕದ ಬೀದಿಯ ಹುಡುಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. ಟ್ಯೂಷನ್ ಹೇಳಿ ಕೂಡಿಟ್ಟ ಸ್ವಲ್ಪ ದುಡ್ಡಿದೆಯಂತೆ. "ಅಣ್ಣಾ, ಮೊದಲನೇ ಡಿಎಸ್‌ಎಲ್‌ಆರ್ ತಗೋತಿದ್ದೀನಿ, ಸೆಕೆಂಡ್ ಹ್ಯಾಂಡು. ಕ್ಯಾನನ್ನಾ, ನಿಕಾನಾ?" ಅಂದ. ಕೈಯಲ್ಲಿ ಮೊಬೈಲು, ಮೊಬೈಲ್ ತುಂಬ ಹೋಲಿಕೆಯ ಪಟ್ಟಿಗಳು. ನೋಡಿ ನಗು ಬಂತು, ಹಿಂದೆಯೇ ಹೊಟ್ಟೆಯೊಳಗೆ ಸಣ್ಣ ಸಂಕಟವೂ ಆಯ್ತು. 2023ರಲ್ಲಿ ನಾನು ಹೀಗೇ ಇದ್ದೆ. ಅವನಿಗೆ ಹೇಳಿದ್ದನ್ನೇ ಇಲ್ಲೂ ಸ್ವಲ್ಪ ಕುಯ್ಯೋಣ ಅಂತ ಕೂತಿದ್ದೀನಿ, ಸಹಿಸಿಕೊಳ್ಳಿ :)

ನಾನೋ ಸಾಫ್ಟ್‌ವೇರ್ ಪ್ರಾಣಿ. ಏನು ಕೊಳ್ಳೋದಿದ್ರೂ ಮೊದಲು ಎಕ್ಸೆಲ್ ಶೀಟು. ಆಗಸ್ಟ್‌ನಲ್ಲಿ ಶುರು ಮಾಡಿದೆ. ಒಂದು ಕಡೆ ಕ್ಯಾನನ್ 200ಡಿ, ಇನ್ನೊಂದು ಕಡೆ ನಿಕಾನ್ ಡಿ5600. ಎರಡರಲ್ಲೂ 24.2 ಮೆಗಾಪಿಕ್ಸೆಲ್. ಎರಡೂ ಸೆಕೆಂಡಿಗೆ 5 ಫೋಟೋ. ಎರಡೂ ಅರ್ಧ ಕೆಜಿಯೊಳಗೆ. ಫೋಕಸ್ ಪಾಯಿಂಟ್ ನಿಕಾನ್‌ಗೆ 39, ಕ್ಯಾನನ್‌ಗೆ 9. ಬ್ಯಾಟರಿ ನಿಕಾನ್‌ಗೆ ಒಂದು ಚಾರ್ಜಿಗೆ 970 ಚಿತ್ರ, ಕ್ಯಾನನ್‌ಗೆ 650. ಆದ್ರೆ ಹಿಂದಿನ ಪರದೆ ನೋಡ್ಕೊಂಡು ವಿಡಿಯೋ ತೆಗೆಯೋದಾದ್ರೆ ಕ್ಯಾನನ್ ಸರಕ್ಕನೆ ಫೋಕಸ್ ಹಿಡಿಯುತ್ತೆ, ನಿಕಾನ್ ತಡಕಾಡುತ್ತೆ. ನೆರಳಲ್ಲಿ ಕಪ್ಪಾಗಿ ಬಂದದ್ದನ್ನ ಕಂಪ್ಯೂಟರಿನಲ್ಲಿ ಬೆಳಗಿಸೋದಾದ್ರೆ ನಿಕಾನ್ ಒಂದು ಕೈ ಮುಂದೆ. ಪ್ರತಿಯೊಂದಕ್ಕೂ ಅಂಕ ಕೊಟ್ಟೆ, ತೂಕ ಕೊಟ್ಟೆ, ಕೂಡಿದೆ. ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ ಬಂತು. ಸೂತ್ರ ತಪ್ಪಿರಬೇಕು ಅಂತ ಸೂತ್ರ ಬದಲಾಯಿಸಿದೆ. ಮತ್ತೆ ಅಷ್ಟೇ ಬಂತು!

ನಮ್ಮ ಮೈಸೂರಿನಲ್ಲಿ ಇದಕ್ಕೊಂದು ಒಳ್ಳೆ ಉದಾಹರಣೆ ಇದೆ. ನಜರ್‌ಬಾದಿನಲ್ಲಿ ಒಂದೇ ರಸ್ತೆಯಲ್ಲಿ ಎರಡು ಮೈಲಾರಿ ಹೋಟೆಲ್. ಎರಡೂ ನಾನೇ ಒರಿಜಿನಲ್ ಅನ್ನುತ್ತವೆ. ಹೊರಗಿನಿಂದ ಬಂದ ಗೆಳೆಯರು ಯಾವುದು ನಿಜವಾದ್ದು ಅಂತ ರಸ್ತೆಯಲ್ಲೇ ನಿಂತು ಚರ್ಚೆ ಮಾಡ್ತಾರೆ. ಊರಿನವರು ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲಿ ಕೂತು ದೋಸೆ ತಿಂದು ಎದ್ದು ಹೋಗ್ತಾರೆ. ನಾನು ಊರಿನವನಾಗಿಯೂ ರಸ್ತೆಯಲ್ಲೇ ನಿಂತಿದ್ದೆ, ಒಂದು ದಿನ ಅಲ್ಲ, ಐದು ತಿಂಗಳು.

ಆ ಐದು ತಿಂಗಳಲ್ಲಿ ಏನಾಯ್ತು ಅಂತ ಹೇಳ್ತೀನಿ. ನಮ್ಮ ಮನೆ ಇರೋದು ಬನ್ನಿಮಂಟಪದಲ್ಲಿ. ದಸರೆಗೆ ಮುಂಚೆ ವಾರಗಟ್ಟಲೆ ಆನೆಗಳಿಗೆ ತಾಲೀಮು ನಡೆಯುತ್ತಲ್ಲ, ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ವೃತ್ತ, ಬಂಬೂ ಬಜಾರ್ ದಾಟಿ ಅವು ಬರೋದು ನಮ್ಮ ಕಡೆಗೇ. ಜಂಬೂಸವಾರಿ ದಿನದ ನೂಕುನುಗ್ಗಲು ಇರಲ್ಲ. ಬೆಳಗ್ಗೆ ಹಾಲು ತರೋಕೆ ಹೋದ್ರೆ ಎದುರಿಗೇ ಆನೆ. 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನ ಆ ವರ್ಷವೂ ಬಂದಿದ್ದ. ಅಂಬಾರಿ ಜವಾಬ್ದಾರಿ 2020ರಿಂದ ಅಭಿಮನ್ಯುವಿಗೆ ಹೋಗಿತ್ತು, ಅರ್ಜುನನಿಗೆ ವಯಸ್ಸಾಗಿತ್ತು. ಆದ್ರೂ ಅವನ ಆ ನಡಿಗೆ! ಬೆಳಗಿನ ಎಳೆ ಬಿಸಿಲು ಪಕ್ಕದಿಂದ ಬಿದ್ದು ಚರ್ಮದ ಒಂದೊಂದು ಸುಕ್ಕೂ ಎದ್ದು ಕಾಣೋದು. ನಾನು ಹಾಲಿನ ಪಾಕೆಟ್ ಹಿಡ್ಕೊಂಡು ನೋಡ್ತಾ ನಿಲ್ಲೋದು. "ಮೊಬೈಲಲ್ಲಿ ತೆಗೆದು ಹಾಳು ಮಾಡೋದು ಬೇಡ, ಕ್ಯಾಮೆರಾ ಬರ್ಲಿ, ಮುಂದಿನ ದಸರೆಗೆ ಸರಿಯಾಗಿ ತೆಗೆಯೋಣ" ಅಂದುಕೊಂಡು ಮನೆಗೆ ಬಂದು ಎಕ್ಸೆಲ್ ತೆಗೆಯೋದು.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. ಆವತ್ತು ಟಿವಿ ಮುಂದೆ ನಮ್ಮಮ್ಮ ಅತ್ತರು. ನಾನು ಮೊಬೈಲ್ ಹುಡುಕಿದೆ. ಒಂದೇ ಒಂದು ಚಿತ್ರ ಸಿಕ್ತು, ಅದೂ ಅರ್ಧ ಲಾರಿ, ಅರ್ಧ ಆನೆ.

ಆಮೇಲೆ ಒಂದು ದಿನ ಊಟದ ಹೊತ್ತಿಗೆ ಅಪ್ಪನ ಹತ್ರ ನನ್ನ ಪಟ್ಟಿ ತೋರಿಸಿದೆ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಕ್ಯಾಮೆರಾ ಬಗ್ಗೆ ಏನೂ ಗೊತ್ತಿಲ್ಲ. ಪಟ್ಟಿ ಪೂರ್ತಿ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಇದರ ಸ್ಪೇರ್ ಪಾರ್ಟ್ಸ್ ಯಾರ ಹತ್ರ ಸಿಗುತ್ತೆ? ಕೆಟ್ರೆ ಯಾರು ನೋಡ್ತಾರೆ?" ಇಪ್ಪತ್ತೆರಡು ಕಾಲಮ್ ಇದ್ದ ನನ್ನ ಶೀಟಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಅಲ್ಲಿಂದ ನನ್ನ ಲೆಕ್ಕ ಬೇರೆ ಆಯ್ತು. ನಾವು ಕೊಳ್ಳೋದು ಕ್ಯಾಮೆರಾ ಅಂದುಕೊಳ್ತೀವಿ, ನಿಜವಾಗಿ ಕೊಳ್ಳೋದು ಮೌಂಟ್. ಅಂದ್ರೆ ಲೆನ್ಸ್ ಕೂರಿಸೋ ಆ ಲೋಹದ ಬಳೆ. ಬಾಡಿ ನಾಲ್ಕೈದು ವರ್ಷಕ್ಕೆ ಬದಲಾಗುತ್ತೆ, ಲೆನ್ಸ್ ಇಪ್ಪತ್ತು ಮೂವತ್ತು ವರ್ಷ ಬಾಳುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೌಂಟ್ ಅನ್ನೋದು ಇಂಟರ್‌ಫೇಸು. ಇಲ್ಲಿ ಎರಡು ಕಂಪನಿಗಳದ್ದೂ ಎರಡು ದಾರಿ. ಕ್ಯಾನನ್ 1987ರಲ್ಲಿ ಹಳೆ ಎಫ್‌ಡಿ ಮೌಂಟನ್ನ ಬಿಟ್ಟು ಇಎಫ್ ಅನ್ನೋ ಹೊಸದನ್ನ ತಂತು. ಹಳೆ ಲೆನ್ಸ್ ಇಟ್ಟುಕೊಂಡಿದ್ದವರಿಗೆ ಕೈ ಕೊಟ್ಟ ಹಾಗಾಯ್ತು. ಆದ್ರೆ ಅಲ್ಲಿಂದಾಚೆ ಬಂದ ಇಎಫ್ ಲೆನ್ಸ್‌ಗಳ ಒಳಗೇ ಫೋಕಸ್ ಮೋಟಾರು ಇರೋದ್ರಿಂದ ಅವು ಕ್ಯಾನನ್‌ನ ಯಾವ ಡಿಎಸ್‌ಎಲ್‌ಆರ್ ಮೇಲೂ ಆಟೋಫೋಕಸ್ ಆಗುತ್ತವೆ. ನಿಕಾನ್ 1959ರ ಎಫ್ ಮೌಂಟನ್ನೇ ಉಳಿಸಿಕೊಂಡು ಬಂತು. ಕೇಳೋಕೆ ಚೆನ್ನಾಗಿದೆ, ಆದ್ರೆ ಹೊಂದಾಣಿಕೆಯಲ್ಲಿ ಷರತ್ತುಗಳಿವೆ. ಅವರ ಹಳೆ ಎಎಫ್-ಡಿ ಲೆನ್ಸ್‌ಗಳ ಒಳಗೆ ಮೋಟಾರ್ ಇಲ್ಲ, ಬಾಡಿಯಲ್ಲಿ ಇರಬೇಕು. ಡಿ7000 ಸರಣಿಯಲ್ಲಿ ಇದೆ. ಮೊದಲ ಸಲ ಕೊಳ್ಳೋರು ನೋಡೋ ಡಿ3000, ಡಿ5000 ಸರಣಿಗಳಲ್ಲಿ ಇಲ್ಲ. ಲೆನ್ಸ್ ಕೂರುತ್ತೆ, ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ಯಾರೋ ಅಗ್ಗಕ್ಕೆ ಕೊಡ್ತಾರೆ ಅಂತ ಹಳೆ 50 ಎಂಎಂ ಎಫ್/1.8ಡಿ ತರೋ ಮುಂಚೆ ಇದು ಗೊತ್ತಿರಲಿ.

ಹಾಗಂತ ಕ್ಯಾನನ್ನೇ ಒಳ್ಳೇದು ಅಂತ ನಾನು ಹೇಳ್ತಿಲ್ಲ. ನಿಮ್ಮ ಮಾವನ ಬೀರುವಿನಲ್ಲಿ ನಾಲ್ಕು ಹಳೆ ನಿಕಾನ್ ಲೆನ್ಸ್ ಇದ್ರೆ ಕಣ್ಣು ಮುಚ್ಚಿ ಮೋಟಾರಿರೋ ಒಂದು ನಿಕಾನ್ ಬಾಡಿ ತಗೊಳ್ಳಿ. ಚಿಕ್ಕಪ್ಪನ ಹತ್ರ ಪೆಂಟಾಕ್ಸ್ ಇದ್ರೆ ಪೆಂಟಾಕ್ಸೇ ತಗೊಳ್ಳಿ, ಅವರ ಕೆ ಮೌಂಟ್ 1975ರದ್ದು, ಆ ಲೆನ್ಸ್‌ಗಳು ಅವರ ಡಿಎಸ್‌ಎಲ್‌ಆರ್ ಮೇಲೆ ಈಗಲೂ ಕೂರುತ್ತವೆ. ನನ್ನ ವಿಷಯದಲ್ಲಿ ಆದದ್ದು ಇಷ್ಟೇ: ಮೂರು ಮನೆ ಆಚೆ ಮದುವೆ ಫೋಟೋ ತೆಗೆಯೋ ಒಬ್ಬರಿದ್ದಾರೆ, ಅವರ ಹತ್ರ ಇರೋದೆಲ್ಲ ಕ್ಯಾನನ್. "ಬಾಡಿ ನೀನು ತಗೋ, ಲೆನ್ಸ್ ಮದುವೆ ಇಲ್ಲದ ದಿನ ನನ್ನದು ತಗೊಂಡು ಹೋಗು" ಅಂದ್ರು. ಎಕ್ಸೆಲ್ ಶೀಟ್ ಅಲ್ಲಿಗೆ ಮುಗೀತು. 2024ರ ಜನವರಿಯಲ್ಲಿ ಸೆಕೆಂಡ್ ಹ್ಯಾಂಡ್ 200ಡಿ ಮನೆಗೆ ಬಂತು. ಅವರ ಹತ್ರ ನಿಕಾನ್ ಇದ್ದಿದ್ರೆ ಇವತ್ತು ನಾನು ನಿಕಾನ್ ಭಕ್ತ!

ಲೆನ್ಸ್ ಯಾಕೆ ಅಷ್ಟು ಮುಖ್ಯ ಅಂತ ಬನ್ನಿಮಂಟಪದಲ್ಲೇ ಗೊತ್ತಾಗುತ್ತೆ. ವಿಜಯದಶಮಿ ರಾತ್ರಿ ಪಂಜಿನ ಕವಾಯತು. ಕತ್ತಲು, ಉರಿಯೋ ಪಂಜು, ಓಡೋ ಕುದುರೆ. ಕ್ಯಾಮೆರಾ ಜೊತೆ ಬರೋ 18-55 ಲೆನ್ಸನ್ನ ಉದ್ದಕ್ಕೆ ಎಳೆದ್ರೆ ಅದರ ಕಿಂಡಿ ಎಫ್/5.6ಕ್ಕಿಂತ ಅಗಲ ಆಗಲ್ಲ. 50 ಎಂಎಂ ಎಫ್/1.8 ಲೆನ್ಸಿನದ್ದು ಎಫ್/1.8. 5.6ನ್ನ 1.8ರಿಂದ ಭಾಗಿಸಿ ವರ್ಗ ಮಾಡಿ: ಹತ್ತಿರ ಹತ್ತಿರ 10 ಪಟ್ಟು ಬೆಳಕು. ಅಂದ್ರೆ ಒಂದರಲ್ಲಿ ಸೆಕೆಂಡಿನ 50ನೇ ಒಂದು ಭಾಗ ತೆರೆದಿರಬೇಕಾದ ಶಟರ್ ಇನ್ನೊಂದರಲ್ಲಿ 500ನೇ ಒಂದು ಭಾಗಕ್ಕೆ ಮುಚ್ಚಬಹುದು. ಮೊದಲನೆಯದರಲ್ಲಿ ಕುದುರೆ ಬರೀ ಒಂದು ಗೀಟು, ಎರಡನೆಯದರಲ್ಲಿ ಕುದುರೆ. 2024ರ ಅಕ್ಟೋಬರ್ 12ರ ರಾತ್ರಿ ಎರಡೂ ಲೆನ್ಸ್ ಹಾಕಿ ನೋಡಿದೆ. ಬಾಡಿ ಬದಲಾಯಿಸಿದ್ರೆ ಹತ್ತು ಪಟ್ಟು ವ್ಯತ್ಯಾಸ ಬರ್ತಿತ್ತಾ? ಕ್ಯಾನನ್ ನಿಕಾನ್ ಸೆನ್ಸರುಗಳ ಅಳತೆಯಲ್ಲಿರೋ ವ್ಯತ್ಯಾಸ ನೂರಕ್ಕೆ ಹತ್ತು ಹನ್ನೊಂದರಷ್ಟು, ಅಷ್ಟೇ.

"ಆದ್ರೆ ಅಣ್ಣಾ, ಡಿಎಸ್‌ಎಲ್‌ಆರ್ ಸತ್ತೇಹೋಯ್ತಂತಲ್ಲ?" ಅಂದ ನಮ್ಮ ಹುಡುಗ. ಪೂರ್ತಿ ಸುಳ್ಳಲ್ಲ. 2018ರಲ್ಲಿ ನಿಕಾನ್ ಜೆಡ್ ಮೌಂಟನ್ನ, ಕ್ಯಾನನ್ ಆರ್‌ಎಫ್ ಮೌಂಟನ್ನ ತಂದು ಎರಡೂ ಮಿರರ್‌ಲೆಸ್ ಕಡೆ ಹೊರಟವು. 2020ರ ನಂತರ ಎರಡೂ ಹೊಸ ಡಿಎಸ್‌ಎಲ್‌ಆರ್ ಮಾದರಿ ಬಿಟ್ಟಿಲ್ಲ. ಸೋನಿ 2021ರಲ್ಲಿ ತನ್ನದನ್ನ ನಿಲ್ಲಿಸಿತು. ಅದೇ ವರ್ಷ ಪೆಂಟಾಕ್ಸ್ ಮಾತ್ರ ಹಟಕ್ಕೆ ಬಿದ್ದ ಹಾಗೆ ಕೆ-3 ಮಾರ್ಕ್ 3 ಅನ್ನೋ ಹೊಸದನ್ನ ತಂತು. ಕೈತುಂಬ ದುಡ್ಡಿರೋರು ಮಿರರ್‌ಲೆಸ್ ತಗೊಳ್ಳಲಿ, ಬೇಡ ಅನ್ನಲ್ಲ. ಆದ್ರೆ ಟ್ಯೂಷನ್ ದುಡ್ಡಿನ ಹುಡುಗನಿಗೆ ಇದು ಕೆಟ್ಟ ಸುದ್ದಿ ಅಲ್ಲ. ದೊಡ್ಡವರೆಲ್ಲ ಮಿರರ್‌ಲೆಸ್‌ಗೆ ಹೋಗ್ತಿರೋದ್ರಿಂದಲೇ ಒಳ್ಳೊಳ್ಳೆ ಲೆನ್ಸ್ ಸೆಕೆಂಡ್ ಹ್ಯಾಂಡ್ ಆಗಿ ಕೈಗೆಟಕ್ತಿವೆ. ನಾಳೆ ಮಿರರ್‌ಲೆಸ್‌ಗೆ ಹೋದ್ರೂ ಅಡಾಪ್ಟರ್ ಹಾಕಿ ಇಎಫ್ ಲೆನ್ಸ್‌ಗಳನ್ನ ಅಲ್ಲೂ ಬಳಸಬಹುದು. ನಿಕಾನ್‌ಗೂ ಎಫ್‌ಟಿಜೆಡ್ ಅಡಾಪ್ಟರ್ ಇದೆ, ಮೋಟಾರಿಲ್ಲದ ಎಎಫ್-ಡಿ ಲೆನ್ಸ್‌ಗಳಿಗೆ ಮಾತ್ರ ಅಲ್ಲೂ ಆಟೋಫೋಕಸ್ ಇಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಬ್ರ್ಯಾಂಡ್‌ಗಿಂತ ಮುಖ್ಯವಾಗಿ ನೋಡಬೇಕಾದ್ದು ಎರಡು. ಒಂದು, ಶಟರ್ ಎಷ್ಟು ಸಲ ಓಡಿದೆ ಅನ್ನೋದು. ನಿಕಾನ್‌ನಲ್ಲಿ ಚಿತ್ರದ ಕಡತದೊಳಗೇ ಆ ಸಂಖ್ಯೆ ಸಿಗುತ್ತೆ, ಕ್ಯಾನನ್‌ನ ಹೆಚ್ಚಿನ ಮಾದರಿಗಳಲ್ಲಿ ಅಷ್ಟು ಸುಲಭಕ್ಕೆ ಸಿಗಲ್ಲ. ಎರಡು, ಲೆನ್ಸಿನೊಳಗೆ ಬೂಸ್ಟು. ಟಾರ್ಚ್ ಹಾಕಿ ಹಿಂದಿನಿಂದ ನೋಡಿ, ಜೇಡರ ಬಲೆ ಥರ ಎಳೆ ಕಂಡ್ರೆ ನಮಸ್ಕಾರ ಹಾಕಿ ವಾಪಸ್ ಬನ್ನಿ. ಮಳೆಗಾಲದಲ್ಲಿ ಬೀರುವಿನಲ್ಲಿ ಬಟ್ಟೆ ನಡುವೆ ಇಟ್ಟ ಲೆನ್ಸಿಗೆ ಇದು ಗ್ಯಾರಂಟಿ. ಗಾಳಿಯಾಡದ ಡಬ್ಬ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಸಾಕು.

ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನ ನೋಡಿರ್ತೀರಿ. 1979ರಲ್ಲಿ ಮಕ್ಕಳ ಬಗ್ಗೆ ಅವರು ತೆಗೆದ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯವರೆಗೂ ಹೋಗಿದ್ದವು. 2009ರಲ್ಲಿ ಹೋಗಿಬಿಟ್ಟರು. ಆ ಮಕ್ಕಳ ಮುಖ ನೋಡುವಾಗ ಇದನ್ನ ಯಾವ ಕಂಪನಿ ಕ್ಯಾಮೆರಾದಲ್ಲಿ ತೆಗೆದರು ಅನ್ನೋ ಪ್ರಶ್ನೆ ನನಗಂತೂ ಒಮ್ಮೆಯೂ ಬಂದಿಲ್ಲ. ಆ ಮಗು ನಕ್ಕಾಗ ಅವರ ಕೈಯಲ್ಲಿ ಕ್ಯಾಮೆರಾ ಇತ್ತು, ಅದೇ ದೊಡ್ಡದು.

ಪಾಂಡವರು ಬನ್ನಿ ಮರದ ಮೇಲೆ ಆಯುಧ ಕಟ್ಟಿಟ್ಟದ್ದು ಒಂದು ವರ್ಷ, ಅದಕ್ಕೆ ಅಜ್ಞಾತವಾಸ ಅನ್ನೋ ಕಾರಣ ಇತ್ತು. ನನಗೆ ಯಾವ ಕಾರಣವೂ ಇರಲಿಲ್ಲ, ಬರೀ ಅನುಮಾನ. ಕ್ಯಾನನ್, ನಿಕಾನ್ ಎರಡರಲ್ಲಿ ತಪ್ಪಾದ್ದನ್ನೇ ಆರಿಸಿದ್ರೂ ಆಗೋ ನಷ್ಟ ಸಣ್ಣದು, ಮಾರಿ ಇನ್ನೊಂದು ತಗೋಬಹುದು. ಆರಿಸದೇ ಕೂತ್ರೆ ಆಗೋ ನಷ್ಟವನ್ನ ತುಂಬೋಕೆ ಯಾವ ಅಂಗಡಿಯೂ ಇಲ್ಲ. ಹುಡುಗನಿಗೆ ಹೇಳಿದೆ: "ನಿನ್ನ ಸುತ್ತ ಯಾರ ಹತ್ರ ಯಾವ ಲೆನ್ಸ್ ಇದೆ ಕೇಳ್ಕೊಂಡು ಬಾ. ಅದೇ ನಿನ್ನ ಬ್ರ್ಯಾಂಡು. ಮುಂದಿನ ಭಾನುವಾರದೊಳಗೆ ತಗೋ." ಅವನ ಕಾಲೇಜು ಗೆಳೆಯನ ಅಣ್ಣನ ಹತ್ರ ಎರಡು ನಿಕಾನ್ ಲೆನ್ಸ್ ಇವೆಯಂತೆ, ಎರಡರಲ್ಲೂ ಮೋಟಾರ್ ಇದೆಯಂತೆ. ಹಾಗಾದ್ರೆ ನಿಕಾನ್, ಶುಭವಾಗಲಿ!

ನಮ್ಮ ಮನೆಯ ಗೋಡೆ ಮೇಲೆ ಈಗ ಅಭಿಮನ್ಯುವಿನ ಒಂದು ಒಳ್ಳೆ ಚಿತ್ರ ಇದೆ. ಅರ್ಜುನನದ್ದು ಆ ಅರ್ಧ ಲಾರಿ ಚಿತ್ರವೇ, ಇನ್ನೂ ಮೊಬೈಲಿನಲ್ಲಿದೆ. ಅಳಿಸೋಕೆ ಮನಸ್ಸು ಬಂದಿಲ್ಲ.

ನಿಮ್ಮ ಮೊದಲ ಕ್ಯಾಮೆರಾ ಯಾವುದು, ಅದನ್ನ ಹೇಗೆ ಆರಿಸಿದ್ರಿ? ಹೇಳಿ, ಕೇಳೋಣ.