ಕಾರಣ ಹೇಳದ ಅಧಿಕಾರ



ನಮ್ಮ ಮಕ್ಕಳು ಓದಿಗೆ, ಕೆಲಸಕ್ಕೆ ಹೊರದೇಶಕ್ಕೆ ಹೋಗುವುದು ಈಗ ಸಾಮಾನ್ಯ. ಮಗಳ ಬಾಣಂತನಕ್ಕೆಂದು ತಾಯಿ ವಿಮಾನ ಹತ್ತುವುದೂ ಸಾಮಾನ್ಯ. ಆದರೆ ವೀಸಾ ಕಿಟಕಿಯ ಆಚೆ ಕುಳಿತ ಅಧಿಕಾರಿ ‘ಇಲ್ಲ’ ಎಂದರೆ ಅದನ್ನು ಯಾರ ಮುಂದೆ ಪ್ರಶ್ನಿಸಬೇಕು?

ಅಮೆರಿಕದಲ್ಲಿ ಬಹುಮಟ್ಟಿಗೆ ಯಾರ ಮುಂದೆಯೂ ಇಲ್ಲ. ಅಧಿಕಾರಿ ಕೊಟ್ಟ ಕಾರಣ ಮೇಲ್ನೋಟಕ್ಕೆ ಸರಿಯಾಗಿದ್ದು ಪ್ರಾಮಾಣಿಕವಾಗಿದ್ದರೆ ಅದರ ಹಿಂದೆ ಇಣುಕುವುದಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿತು. 2024ರ ಜೂನ್ 21ರ ತೀರ್ಪು ಇನ್ನೂ ಬಿಗಿಯಾದದ್ದು. ಅಮೆರಿಕದ ಪ್ರಜೆಯೊಬ್ಬಳ ಗಂಡನಿಗೆ ಎಲ್ ಸಾಲ್ವಡಾರ್‌ನಲ್ಲಿ 2015ರಲ್ಲಿ ವೀಸಾ ನಿರಾಕರಿಸಲಾಯಿತು. ಮೈಮೇಲಿನ ಹಚ್ಚೆಯೂ ಸೇರಿದಂತೆ ಕೆಲವು ಆಧಾರಗಳಿಂದ ಅವನು ಅಪರಾಧಿ ತಂಡದವನೆಂದು ಅಧಿಕಾರಿ ನಂಬಿದ್ದರು. ಆ ಕಾರಣ ಹೊರಬರಲು ಮೂರು ವರ್ಷ, ಒಂದು ದಾವೆ ಬೇಕಾಯಿತು. ಗಂಡನನ್ನು ದೇಶಕ್ಕೆ ಕರೆತರುವುದು ಹೆಂಡತಿಯ ಮೂಲಭೂತ ಹಕ್ಕಲ್ಲವೆಂದು ನ್ಯಾಯಾಲಯದ ಬಹುಮತ ಹೇಳಿತು.

ಕೆನಡಾದ ದಾರಿ ಬೇರೆ. ಹೊರದೇಶದಲ್ಲಿ ವೀಸಾ ನಿರಾಕರಣೆಯಾದವರು 60 ದಿನಗಳೊಳಗೆ ಫೆಡರಲ್ ಕೋರ್ಟಿನ ಅನುಮತಿ ಕೇಳಬಹುದು. ಅನುಮತಿ ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕರೆ, ಅಧಿಕಾರಿಯ ಕಾರಣ ಕಡತದಲ್ಲಿರುವ ಸಂಗತಿಗೆ ಹೊಂದುತ್ತದೆಯೇ ಎಂದು ನ್ಯಾಯಾಧೀಶರು ನೋಡುತ್ತಾರೆ. ಹೊಂದದಿದ್ದರೆ ಅರ್ಜಿ ಸಾಮಾನ್ಯವಾಗಿ ಇನ್ನೊಬ್ಬ ಅಧಿಕಾರಿಯ ಮೇಜಿಗೆ ಮರಳುತ್ತದೆ. ವೀಸಾ ಕೊಡುವ ಅಧಿಕಾರ ಸರ್ಕಾರದ್ದೇ, ನ್ಯಾಯಾಲಯದ್ದಲ್ಲ.

ಪ್ರತಿ ದೇಶಕ್ಕೂ ತನ್ನ ಬಾಗಿಲು ಕಾಯುವ ಹಕ್ಕಿದೆ, ಭದ್ರತೆಯ ಗುಟ್ಟುಗಳೂ ಇವೆ ಎಂಬ ವಾದವುಂಟು. ಅದು ನಿಜ. ಆದರೆ ಗುಟ್ಟನ್ನು ಬೀದಿಗೆ ತರದೆ ನ್ಯಾಯಾಧೀಶರಿಗಷ್ಟೇ ತೋರಿಸಬಹುದು. ಲೋಕೋಪಯೋಗಿ ಕಾಮಗಾರಿಯಲ್ಲಿ ಕಿರಿಯ ಇಂಜಿನಿಯರ್ ಎಂ.ಬಿ. ಪುಸ್ತಕಕ್ಕೆ ಏರಿಸಿದ ಅಳತೆಯನ್ನು ಮೇಲಧಿಕಾರಿ ಸ್ಥಳದಲ್ಲಿ ನಿಂತು ಮತ್ತೆ ಅಳೆಯುತ್ತಾರೆ. ಅದು ಕಿರಿಯರಿಗೆ ಅವಮಾನವಲ್ಲ. ಬಿಲ್ಲಿಗೆ ಬೆಲೆ ಬರುವುದೇ ಅದರಿಂದ. ಮರು ಅಳತೆಯಿಲ್ಲದ ಅಧಿಕಾರದಲ್ಲಿ ತಪ್ಪು ತಪ್ಪಾಗಿಯೇ ಉಳಿಯುತ್ತದೆ.

ಅಮೆರಿಕದತ್ತ ಬೆರಳು ತೋರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ 1977ರಲ್ಲಿ ವಶಪಡಿಸಿಕೊಂಡು ಕಾರಣ ಹೇಳಲು ಒಪ್ಪದಿದ್ದಾಗ, ಕ್ರಮ ನ್ಯಾಯಯುತವಾಗಿರಬೇಕು, ಬಾಧಿತರ ಮಾತು ಕೇಳಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಸಾರಿತು. ಅದು ನಮ್ಮ ಹೆಮ್ಮೆ. ಆದರೆ ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದು 1955ರಲ್ಲಿ ಹೇಳಿದ್ದೂ ಅದೇ ನ್ಯಾಯಾಲಯ. ಹೊರದೇಶದ ಪೌರತ್ವ ಪಡೆದ ನಮ್ಮ ಮಕ್ಕಳು ಊರಿಗೆ ಬರುವಾಗ ಕಾನೂನಿನ ಕಣ್ಣಿನಲ್ಲಿ ವಿದೇಶಿಯರೇ.

ಆದ್ದರಿಂದ ನಮ್ಮ ಕೋರಿಕೆ ಎಲ್ಲ ಸರ್ಕಾರಗಳಿಗೂ ಒಂದೇ, ನಮ್ಮದಕ್ಕೆ ಮೊದಲು: ‘ಇಲ್ಲ’ ಎನ್ನುವ ಹಕ್ಕು ನಿಮಗಿರಲಿ. ಏಕೆ ಇಲ್ಲವೆಂದು ಬರೆದುಕೊಡಿ. ಆ ಬರಹವನ್ನು ಪರೀಕ್ಷಿಸಲು ಇನ್ನೊಬ್ಬರಿರಲಿ.